ಅಣ್ಣ ಬೇಡವೆಂದ ಬಂದೂಕುಗಳು

ನನ್ನ ಅಣ್ಣ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದೂಕು ಕೊಳ್ಳಲು ಹೊರಟ. ಅದೂ ಎಂಥದ್ದು? ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜವೆಂಬ ಸಲಾಕೆಯಿಂದ ಜಡಿದು, ಹಿಂಬದಿಯ ಸಣ್ಣ ತೂತಿನ ಮೇಲೆ ಕೇಪು ಕೂರಿಸಿ ಹೊಡೆಯುವ ಹಳೇ ಕಾಲದ ಬಂದೂಕು. ಮರಾಠಿಯವರು ಅದನ್ನು ಠಾಸಣಿ ಬಂದೂಕು ಎನ್ನುತ್ತಾರೆ. ಅವನು ಈ ಸುದ್ದಿ ಹೇಳಿದಾಗ ನಾನು ಮುಂಬಯಿಯ ವಡಾಲದ ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

"ಯಾರ ಮ್ಯಾಲ ಯುದ್ಧಕ್ಕ ಹೊಂಟಿ?" ಎಂದೆ.

"ಹಂದಿ ಮ್ಯಾಲ," ಎಂದ.

ನಗು ಬಂತು, ಆದರೆ ಅವನು ನಗಲಿಲ್ಲ. ಅಣ್ಣನದು ಬೆಳಗಾವಿ ಕಡೆಯ ಮೊಂಡುತನ. ನನ್ನದೂ ಅದೇ, ಜೊತೆಗೆ ನಾಲಿಗೆ ಒಂದು ಗೇಣು ಹೆಚ್ಚು ಉದ್ದ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಅರವತ್ತು ಮಕ್ಕಳನ್ನು ಬೆತ್ತವಿಲ್ಲದೆ ಬರೀ ಬಾಯಲ್ಲೇ ಕೂರಿಸಿದ್ದೇನೆ. ಆ ಬಾಯಿ ಮನೆಗೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ.

ಅಣ್ಣ ಹದಿನೇಳು ವರ್ಷದವನಿದ್ದಾಗ ಜೋಗೇಶ್ವರಿಯ ಒಂದು ಶೆಡ್ಡಿಗೆ ಕೆಲಸಕ್ಕೆ ಸೇರಿದ. ನೀರಿನ ನಲ್ಲಿಗಳಿಗೆ, ಬಾಗಿಲ ಹಿಡಿಕೆಗಳಿಗೆ ಹೊಳಪು ಕೊಡುವ ಕೆಲಸ. ಗರಗರ ತಿರುಗುವ ಚಕ್ರಕ್ಕೆ ಲೋಹ ಹಿಡಿದು ನಿಂತರೆ ಧೂಳು ಮುಖಕ್ಕೇ ಹಾರುತ್ತದೆ. ಸಂಜೆ ಅವನು ಮುಖ ತೊಳೆದ ನೀರು ಕಪ್ಪಗಿರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಹತ್ತು ವರ್ಷದ ನನ್ನನ್ನು ಕರೆತಂದು ಚಾಳಿನ ಒಂದೇ ಖೋಲಿಯಲ್ಲಿ ಸಾಕಿದ, ಓದಿಸಿದ, ಮದುವೆ ಮಾಡಿದ. ತಾನು ಮದುವೆಯಾಗಲಿಲ್ಲ. ನೋಡಿದ ಹೆಣ್ಣುಗಳಲ್ಲೆಲ್ಲ ಒಂದೊಂದು ಕೊಂಕು ಹುಡುಕುತ್ತಿದ್ದ. ಒಬ್ಬಳ ನಗು ಜೋರು, ಇನ್ನೊಬ್ಬಳ ನಡಿಗೆ ಜೋರು. ನಿಜ ಏನೆಂದು ನನಗೆ ಗೊತ್ತಿತ್ತು. ನಾನಿದ್ದೆ ಮನೆಯಲ್ಲಿ, ಅದೇ ನಿಜ.

ಶೆಡ್ಡು ಮುಚ್ಚಿದ ಮೇಲೆ ಅವನು ಕರ್ಜತ್ ಆಚೆ, ಗುಡ್ಡದ ಇಳಿಜಾರಿನಲ್ಲಿ, ಅರ್ಧ ಎಕರೆ ಕೊಂಡ. ಊರಲ್ಲಿ ಅಪ್ಪನ ಹೆಸರಿನಲ್ಲಿದ್ದ ನಾಲ್ಕು ಗುಂಟೆ ಜಮೀನಿನ ಉತಾರದ ಕಾಗದ ತೋರಿಸಿ, ತಾನೂ ರೈತನೇ ಎಂದು ಕಚೇರಿಯಲ್ಲಿ ಒಪ್ಪಿಸಿದ್ದ. ಅಲ್ಲಿ ಗೆಣಸು ಹಾಕಿದ. ಮೊದಲ ವರ್ಷ ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಹೊಲವನ್ನೆಲ್ಲ ಉತ್ತು ತಿಂದು ಹೋದವು. ಎರಡನೆಯ ವರ್ಷವೂ ಅಷ್ಟೇ. ಹಂದಿಗಳನ್ನು ಕೊಲ್ಲುವ ಮನಸ್ಸು ಅವನಿಗಿರಲಿಲ್ಲ. ಬರೀ ಮದ್ದು ತುಂಬಿ ಒಂದು ಸದ್ದು ಮಾಡಿದರೆ ಓಡುತ್ತವೆ ಎಂದು ಪಕ್ಕದ ಹೊಲದ ಮರಾಠಿ ಮುದುಕ ಹೇಳಿದ್ದ.

"ಒಂದ ಬುಟ್ಟಿ ಗೆಣಸು ನಿನ್ನ ಮನಿಗೆ ತರಬೇಕವ್ವ. ನನ್ನ ಹೊಲದ್ದು. ಅಷ್ಟ ನೋಡು," ಎಂದ ಅಣ್ಣ.

ಜೀವಮಾನವಿಡೀ ಬೇರೆಯವರ ಮನೆಯ ನಲ್ಲಿಗಳನ್ನು ಹೊಳೆಯಿಸಿದವನು ಅವನು. ಒಂದು ಬುಟ್ಟಿ ಗೆಣಸಿನ ಆಸೆ ಹೆಚ್ಚೇನಲ್ಲ. ನಾನು ಹೂಂ ಎಂದೆ.

ಬೆಳೆ ಕಾಯಲು ಬಂದೂಕಿನ ಪರವಾನಗಿ ಸಿಗುವಷ್ಟರಲ್ಲಿ ಎರಡು ಜೋಡಿ ಚಪ್ಪಲಿ ಸವೆದವು. ಡಾಕ್ಟರ ಚೀಟಿ ಬೇಕಿತ್ತು. ಆ ಡಾಕ್ಟರು ಕಣ್ಣು ನೋಡಿದ, ಕೈ ಚಾಚಿಸಿ ನೋಡಿದ, ತಲೆ ನೆಟ್ಟಗಿದೆಯೇ ಎಂದು ತಿಳಿಯಲು ನಾಲ್ಕು ಪ್ರಶ್ನೆ ಕೇಳಿ ಸಹಿ ಹಾಕಿದ. ಎದೆಯ ಮೇಲೆ ಕೊಳವೆ ಇಡಲಿಲ್ಲ. ಬಂದೂಕು ಹೊಡೆಯುವವನಿಗೆ ಎದೆ ಯಾಕೆ ಎಂದುಕೊಂಡನೋ ಏನೋ.

ಹದಿನೈದು ಸಾವಿರದೊಳಗೆ ಮುಗಿಯಬೇಕು ಎಂದು ಅಣ್ಣ ಹೇಳಿದ್ದ. ಅಷ್ಟಕ್ಕೆ ತೋಟಾ ಹಾಕುವ ಬಂದೂಕು ಬರುವುದಿಲ್ಲ. ರೈಫಲ್ಲಿನ ಮಾತಂತೂ ದೂರ. ಒಂಟಿ ನಳಿಗೆಯ ಠಾಸಣಿ ಬರುತ್ತದೆ, ಹೊಸದೂ ಸಿಗುತ್ತದೆ, ಹಳೆಯದೂ ಸಿಗುತ್ತದೆ. ಹೇಗೆ ಆರಿಸಬೇಕೆಂದು ಮುದುಕ ಇವನಿಗೆ ಪಾಠ ಹೇಳಿ ಕಳಿಸಿದ್ದ. ಭುಜಕ್ಕಿಟ್ಟು ತೂಕ ನೋಡಬೇಕು. ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದರೆ ಗಟ್ಟಿಯಾಗಿ ನಿಲ್ಲಬೇಕು. ಗಜ ಇಳಿಸಿ ನಳಿಗೆ ಖಾಲಿಯಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಕೊನೆಗೆ ನಳಿಗೆಯ ಬಾಯಿಗೆ ಬಾಯಿಟ್ಟು ಊದಬೇಕು. ಹಿಂದಿನ ತೂತಿನ ಮೇಲೆ ಇನ್ನೊಬ್ಬರು ಒದ್ದೆ ಬೆರಳು ಹಿಡಿದಿರಬೇಕು. ಬೆರಳು ತಣ್ಣಗಾದರೆ ದಾರಿ ಸಾಫಾಗಿದೆ ಎಂದರ್ಥ. ತಣ್ಣಗಾಗದಿದ್ದರೆ ಒಳಗೆ ಕಿಲುಬು ಕಟ್ಟಿದೆ, ಕೇಪು ಸಿಡಿದರೂ ಮದ್ದಿಗೆ ಬೆಂಕಿ ತಾಗುವುದಿಲ್ಲ. ಮುದುಕ ಇನ್ನೊಂದು ಮಾತು ಸೇರಿಸಿದ್ದ: ಕೊಳ್ಳುವವನೇ ಊದಬೇಕು, ಮಾರುವವನ ಉಸಿರನ್ನು ನಂಬಬಾರದು.

ಈ ಕೊನೆಯ ಮಾತನ್ನು ನಾವಿಬ್ಬರೂ ವೇದದಂತೆ ಹಿಡಿದುಕೊಂಡೆವು.

ಮೊದಲನೆಯ ಅಂಗಡಿ ಫೋರ್ಟ್‌ನಲ್ಲಿತ್ತು. ಹೊಸ ಬಂದೂಕು, ಮರದ ಹಿಡಿಗೆ ಇನ್ನೂ ವಾರ್ನಿಶಿನ ವಾಸನೆ. ಅಣ್ಣ ಭುಜಕ್ಕಿಟ್ಟು ನೋಡಿದ, ಮುಖ ಅರಳಿತು. ಅವನು ಹಾಗೆ ಎದೆ ಸೆಟೆಸಿ ನಿಂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನಂತರ ಊದಿದ. ನಾನು ಬೆರಳು ನೆಕ್ಕಿ ತೂತಿನ ಮೇಲೆ ಹಿಡಿದಿದ್ದೆ. ಏನೂ ತಾಗಲಿಲ್ಲ.

"ಇಲ್ಲ," ಎಂದೆ.

ಇನ್ನೊಮ್ಮೆ ಊದಿದ. ಇಲ್ಲ. ಅಂಗಡಿಯವನು ಬಂದೂಕು ಕಿತ್ತುಕೊಂಡು ತಾನೇ ಊದಿ, ತನ್ನದೇ ಬೆರಳಿಟ್ಟು, "ಹವಾ ಆ ರಹೀ ಹೈ ನಾ!" ಎಂದ. ನಾವು ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವರನ್ನು ಇವನು ಮೋಸ ಮಾಡುತ್ತಾನಂತೆ! ಹೊರಗೆ ಬಂದು ಕಟಿಂಗ್ ಚಹಾ ಕುಡಿದೆವು. ಅಣ್ಣ ಚಹಾ ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಗ್ಲಾಸು ಹಿಡಿದು ಗೋಡೆಗೆ ಒರಗಿ ನಿಂತೇ ಇದ್ದ.

ಎರಡನೆಯದು ಕ್ರಾಫರ್ಡ್ ಮಾರ್ಕೆಟ್ ಹಿಂದೆ. ಅಲ್ಲಿ ಎರಡು ಹಳೆಯ ಬಂದೂಕುಗಳಿದ್ದವು. ಒಂದರ ನಳಿಗೆ ಉದ್ದ, ಇನ್ನೊಂದರದು ಗಿಡ್ಡ. ಉದ್ದದ್ದನ್ನು ಊದಿದ, ಇಲ್ಲ. ಗಿಡ್ಡದ್ದನ್ನು ಊದಿದ. ಅವನ ಕತ್ತಿನ ನರ ಉಬ್ಬಿ ಬಂತು, ಕಣ್ಣಲ್ಲಿ ನೀರಾಡಿತು. ನನ್ನ ಬೆರಳಿನ ಒದ್ದೆ ಹಾಗೆಯೇ ಇತ್ತು.

"ಇದೂ ಕಿಲುಬು ತಿಂದೈತಿ," ಎಂದ ಅಣ್ಣ ಮೆಲ್ಲಗೆ. "ನಡಿ, ಮುಂದಿನ ಅಂಗಡಿ ನೋಡೂಣು."

"ಹೆಣ್ಣ ನೋಡುವಾಗೂ ಹಿಂಗ ಮಾಡಿದಿ. ಬಂದೂಕ ನೋಡುವಾಗೂ ಹಿಂಗ. ನಿನಗ ಯಾವುದೂ ಪಾಸ್ ಆಗಂಗಿಲ್ಲ," ಎಂದು ಛೇಡಿಸಿದೆ.

ಅವನು ನಕ್ಕ. ಅಣ್ಣನ ಆ ನಗು ಈಗ ನೆನಪಾದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ಅಂಗಡಿ ದಾದರಿನಲ್ಲಿ, ಪೂರ್ವದ ಕಡೆ. ಅವನು ಜೋಗೇಶ್ವರಿಯಿಂದ ಲೋಕಲ್ ಹಿಡಿದು ಪಶ್ಚಿಮದ ಕಡೆ ಇಳಿದ. ನಾನು ವಡಾಲದಿಂದ ಬಸ್ಸಿನಲ್ಲಿ ಬಂದು ಬ್ರಿಜ್ ಮೇಲೆ ಕಾಯುತ್ತಿದ್ದೆ. ಕೆಳಗೆ ಮೆಟ್ಟಿಲ ಹತ್ತಿರ ಅವನು ಕಂಡ. ಆರೇಳು ಮೆಟ್ಟಿಲು ಹತ್ತಿ ನಿಂತು ಫೋನ್ ತೆಗೆದು ನೋಡಿದ. ಮತ್ತೆ ಆರೇಳು, ಮತ್ತೆ ಫೋನ್. ಜನ ಅವನನ್ನು ನೂಕುತ್ತ ಮೇಲೇರುತ್ತಿದ್ದರು. ಹುಡುಗರ ಚಟ ಇವನಿಗೂ ಅಂಟಿತಲ್ಲ ಎಂದು ನನಗೆ ಸಿಟ್ಟು ಬಂತು.

"ಎಷ್ಟೊತ್ತಣ್ಣಾ! ಅದರಾಗ ಏನ್ ನೋಡ್ತಿ ಅಷ್ಟು?"

ಅವನು ಕೈ ಎತ್ತಿ, ನಿಲ್ಲು ಎಂದ.

ಆ ಅಂಗಡಿಯ ಬಂದೂಕು ಚೆಲುವಾಗಿತ್ತು. ಹಳೆಯದು, ಆದರೆ ಯಾರೋ ಪ್ರೀತಿಯಿಂದ ಇಟ್ಟುಕೊಂಡದ್ದು. ನಳಿಗೆಗೆ ಎಣ್ಣೆ ಹಚ್ಚಿ ಒರೆಸಿದ್ದರು, ಹಿಡಿ ಕೈಯಲ್ಲಿ ಸರಿಯಾಗಿ ಕೂರುತ್ತಿತ್ತು. ಬೆಲೆಯೂ ನಮ್ಮ ಅಳತೆಯಲ್ಲೇ ಇತ್ತು. ಅಣ್ಣ ಅದನ್ನು ಬಹಳ ಹೊತ್ತು ಸವರಿದ. ಲೋಹದ ಹೊಳಪು ಬಲ್ಲ ಕೈ ಅದು. ಇದೇ ಸರಿ ಎಂದು ಅವನಿಗೆ ಅನ್ನಿಸಿದ್ದು ನನಗೂ ಗೊತ್ತಾಯಿತು. ನಂತರ ಊದಿದ. ಒಂದು ಸಲ, ಎರಡು ಸಲ, ಮೂರು ಸಲ. ನನ್ನ ಬೆರಳಿಗೆ ಏನೂ ತಾಗಲಿಲ್ಲ. ಅವನು ಬಂದೂಕನ್ನು ಮೇಜಿನ ಮೇಲಿಟ್ಟು, "ಇದೂ ಬ್ಯಾಡ," ಎಂದ.

ನನಗೆ ರೇಗಿತು. ಮೊಣಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. "ಕೊಡಿಲ್ಲೆ," ಎಂದು ಬಂದೂಕು ಎತ್ತಿಕೊಂಡೆ. "ನಾ ಏನ್ ಮಾರಾಕಿ ಅಲ್ಲಲ್ಲ? ಹಿಡಿ ಬೆರಳು."

ಅವನು "ಬ್ಯಾಡವ್ವ" ಎಂದ. ನಾನು ಕೇಳಲಿಲ್ಲ. ಬೆರಳು ಹಿಡಿಯುವವರೆಗೆ ಬಿಡಲಿಲ್ಲ. ಬಾಯಿಟ್ಟು ಊದಿದೆ. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ ಎದೆ ನನ್ನದು. ಅವನ ಬೆರಳು ತೂತಿನ ಮೇಲಿಂದ ಥಟ್ಟನೆ ಹಿಂದೆ ಸರಿಯಿತು.

"ಬಂತಿಲ್ಲ?" ಎಂದು ನಾನು ಗೆದ್ದವಳಂತೆ ಕೂಗಿದೆ. "ಬಂದೂಕ ಛಲೋ ಐತಿ! ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ, ಹಂಗಾತು ನಿನ್ನ ಕತಿ!"

ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನನ್ನ ದನಿಗೆ ನಕ್ಕ. ಅಣ್ಣ ನಗಲಿಲ್ಲ. ತನ್ನ ಬೆರಳನ್ನೇ ನೋಡುತ್ತ ನಿಂತ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಅದು. ನಾನು ಅಂಥ ಮುಖಗಳನ್ನು ಸಾವಿರ ನೋಡಿದ್ದೇನೆ. ಆಗ ನನಗೆ ಹೊಳೆಯಿತು. ಮೂರು ಅಂಗಡಿ, ನಾಲ್ಕು ಬಂದೂಕು. ಒಂದರಲ್ಲೂ ಕಿಲುಬಿರಲಿಲ್ಲ.

ಹೊರಗೆ ಬಂದು ಅವನನ್ನು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದೆ. ಎದುರಿಗೆ ತರಕಾರಿಯವರು ಮೆಂತ್ಯದ ಸೂಡು ಕಟ್ಟುತ್ತಿದ್ದರು.

"ಯಾವಾಗಿಂದ?" ಎಂದೆ.

"ಹೋದ ದೀಪಾವಳಿ," ಎಂದ. "ಫೋಟೋ ತಗದ್ರು. ಎದಿಯಾಗ ಧೂಳ ಕುಂತು ಕಲ್ಲ ಆಗೈತಂತ. ಶೆಡ್ಡಿನ ಧೂಳು. ಔಷಧ ಇಲ್ಲಂತ ಅದಕ್ಕ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಊದತಿದ್ದೇನು ನನ್ನ ಬದಲಿ?"

ಆಮೇಲೆ ತಾನೇ ಮೆತ್ತಗಾದ. ಗೊತ್ತಿದ್ದೂ ಅಂಗಡಿಯಿಂದ ಅಂಗಡಿಗೆ ಯಾಕೆ ಅಲೆದೆ ಎಂದು ನಾನು ಕೇಳಿದ್ದಕ್ಕೆ ಮೆಂತ್ಯದ ಕಡೆ ನೋಡುತ್ತ ಹೇಳಿದ: "ಮುಂದಿನದರಾಗ ಬರ್ತದೇನೋ ಅನಸ್ತಿತ್ತು ತಂಗಿ. ಒಂದರಾಗರ ಬಂದಿದ್ರ, ಡಾಕ್ಟರ್ ಹೇಳಿದ್ದು ಸುಳ್ಳು ಅಂತ ತಿಳಕೋತಿದ್ದೆ."

ನಾನು ಅಳುವವಳಲ್ಲ. ಗಂಡ ತೀರಿಕೊಂಡಾಗಲೂ ಜನರ ಮುಂದೆ ಅತ್ತಿರಲಿಲ್ಲ. ಅವತ್ತು ದಾದರಿನ ಬೀದಿಯಲ್ಲಿ, ಸಂತೆ ನೆರೆದಂಥ ಜನರ ನಡುವೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಣ್ಣನೇ ನನ್ನ ಬೆನ್ನು ತಟ್ಟಿದ. ನಾನು ಅತ್ತಾಗಲೆಲ್ಲ ಅವನು ಮಾಡುತ್ತಿದ್ದುದು ಅದೇ.

ಮರುದಿನ ನಾನೇ ಗಂಟುಬಿದ್ದೆ. ಆ ಬಂದೂಕು ತೆಗೆದುಕೋ, ಊದುವುದು ಬೇಡ, ಹೊಡೆದರೆ ಸಾಕು, ಮದ್ದು ನಾನು ಜಡಿಯುತ್ತೇನೆ ಎಂದೆ. "ಹೊಲದ ಮಟ ಏರಬೇಕಲ್ಲವ್ವ," ಎಂದ. ಅವನನ್ನು ನನ್ನ ಮನೆಗೆ ಕರೆತಂದೆ. ಆ ವರ್ಷದ ಗೆಣಸನ್ನೂ ಹಂದಿಗಳು ತಿಂದವಂತೆ. ಮುದುಕ ಫೋನ್ ಮಾಡಿ ಹೇಳಿದಾಗ ಅಣ್ಣ, "ತಿನ್ಲಿ ಬಿಡ್ರಿ," ಎಂದು ಕನ್ನಡದಲ್ಲೇ ಹೇಳಿ ಫೋನ್ ನನಗೆ ಕೊಟ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂಗಿಗೆ ನಳಿಕೆ ಬಂತು, ಆಸ್ಪತ್ರೆಯ ಹಾಸಿಗೆ ಬಂತು. ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳು ಒಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಳು. ಅದರಲ್ಲಿ ಮೂರು ಬಣ್ಣದ ಚೆಂಡುಗಳಿದ್ದವು. ಕೊಳವೆ ಬಾಯಿಗಿಟ್ಟು ಉಸಿರು ಒಳಗೆಳೆದರೆ ಚೆಂಡುಗಳು ಮೇಲೇಳಬೇಕು. ಒಂದು ಎದ್ದರೂ ಸಾಕು, ದಿನಾ ಮಾಡಿಸಿ ಎಂದು ಹೇಳಿ ಹೋದಳು.

ಅಣ್ಣ ಎಳೆದ. ಚೆಂಡು ಮಿಸುಕಲಿಲ್ಲ. ಇನ್ನೊಮ್ಮೆ ಎಳೆದ. ಅವನ ಹೆಗಲ ಮೂಳೆಗಳು ಮೇಲೆದ್ದವು, ಚೆಂಡು ಏಳಲಿಲ್ಲ. ಕೊಳವೆ ಕೈಯಲ್ಲಿ ಹಿಡಿದು ಅವನು ನನ್ನ ಕಡೆ ನೋಡಿದ.

"ಇದು ಕೆಟ್ಟೈತಣ್ಣಾ," ಎಂದೆ. "ಸರ್ಕಾರಿ ಮಾಲು. ಬ್ಯಾರೆ ತರಿಸೂಣು."

"ನೀ ಎಳಿ ನೋಡೂಣು," ಎಂದ.

ಕೊಳವೆಯನ್ನು ಒರೆಸಿ ಬಾಯಿಗಿಟ್ಟುಕೊಂಡೆ. ಅವನ ಕಣ್ಣು ಚೆಂಡುಗಳ ಮೇಲಿತ್ತು. ನಾನು ಕೆನ್ನೆ ಒಳಗೆಳೆದು, ಕಣ್ಣರಳಿಸಿ, ಕತ್ತು ಬಿಗಿದು, ಒಂದಿಷ್ಟೂ ಉಸಿರೆಳೆಯದೆ ಕುಳಿತೆ. ನನ್ನೆದೆ ಒಡೆಯುವಂತಾಯಿತು. ಚೆಂಡುಗಳು ಅಲ್ಲಾಡಲಿಲ್ಲ.

"ನೋಡಿದಿ?" ಎಂದೆ, ಕೊಳವೆ ತೆಗೆದು.

ಅಣ್ಣ ನನ್ನ ಮುಖವನ್ನೇ ನೋಡಿದ. ಅವನು ನನ್ನನ್ನು ಹತ್ತು ವರ್ಷದವಳಿದ್ದಾಗಿನಿಂದ ಬಲ್ಲ. "ಹೌದವ್ವ," ಎಂದ. "ಕೆಟ್ಟೈತಿ." ದಿಂಬಿಗೊರಗಿ ಕಣ್ಣು ಮುಚ್ಚಿದ. ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡ.

ದಾದರಿನ ಆ ಅಂಗಡಿಯಲ್ಲೂ ನಾನು ಇಷ್ಟೇ ಮಾಡಬೇಕಾಗಿತ್ತು. ಊದಿಬಿಟ್ಟೆ.