ಕಂಬದ ಕೆಳಗಿನ ದನಿ

ಸಿಂಹ ಎಂದರೆ ನಮ್ಮ ಕಡೆಯ ಗಂಡಸರಿಗೆ ಎದೆ ಉಬ್ಬುತ್ತದೆ. ಲಾರಿಯ ಹಿಂದೆ ಸಿಂಹ, ಆಟೋದ ಗಾಜಿನ ಮೇಲೆ ಸಿಂಹ, ಚುನಾವಣೆಗೆ ನಿಂತವನ ಬ್ಯಾನರಿನಲ್ಲಿ ಅವನ ಮುಖದ ಪಕ್ಕ ಸಿಂಹದ ಮುಖ. ನಾನು ಸಿಂಹಗಳನ್ನು ವರ್ಷಗಟ್ಟಲೆ ನೋಡಿದವನು, ಟೀವಿಯಲ್ಲಿ. ಗಂಡು ಸಿಂಹ ಹಗಲೆಲ್ಲ ಬಿದ್ದುಕೊಂಡಿರುತ್ತದೆ. ಹೆಣ್ಣುಗಳು ಓಡಿ ಬೆವೆತು ಕೆಡವಿದ್ದರ ಮೇಲೆ ಎದ್ದು ಬಂದು ಮೊದಲು ಬಾಯಿ ಹಾಕುತ್ತದೆ. ಆ ಲೆಕ್ಕದಲ್ಲಿ ನಮ್ಮವರು ಅಂಟಿಸಿಕೊಂಡ ಚಿತ್ರ ಸರಿಯಾಗಿಯೇ ಇದೆ.

ತೊಂಬತ್ತರ ದಶಕದ ಕೊನೆಗೆ ಮುಳಬಾಗಿಲಿನಲ್ಲಿ ನಾನೂ ನನ್ನ ಅಣ್ಣನೂ ಕೇಬಲ್ ಟೀವಿ ನಡೆಸುತ್ತಿದ್ದೆವು. ಮಾಳಿಗೆಯ ಮೇಲೆ ದೊಡ್ಡ ಡಿಶ್ಶು, ಕೆಳಗಿನ ಸಣ್ಣ ಕೋಣೆಗೆ ಕಂಟ್ರೋಲ್ ರೂಮ್ ಎಂಬ ದೊಡ್ಡ ಹೆಸರು. ಊರಿನ ಒಂದು ಭಾಗ ನಮ್ಮ ಏರಿಯಾ. ಅದರ ಗಡಿಯನ್ನು ಯಾವ ಸರಕಾರವೂ ಗುರುತಿಸಿರಲಿಲ್ಲ. ಈ ಕಡೆ ಒಂದು ಮೋರಿ, ಆ ಕಡೆ ಒಂದು ಹುಣಸೆಮರ, ಮರದಾಚೆ ಬೇರೆಯವರ ವೈರು. ನಾನು ಹೈಸ್ಕೂಲಿನ ಬಾಗಿಲು ನೋಡಿ ವಾಪಸು ಬಂದವನು. ಅಣ್ಣ ಸ್ವಲ್ಪ ಹೆಚ್ಚು ಓದಿದ್ದ, ಹಿಂದಿ ತಿಳಿಯುತ್ತಿತ್ತು.

ಪ್ರಾಣಿಗಳ ಚಾನೆಲ್ಲಿನಲ್ಲಿ ಆಫ್ರಿಕಾದ ಕಾಡಿನ ಎರಡು ಗಂಡು ಸಿಂಹಗಳ ಕಾರ್ಯಕ್ರಮ ಬರುತ್ತಿತ್ತು. ಅಣ್ಣ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ಭಾನುವಾರ ನಮ್ಮ ಲೋಕಲ್ ಚಾನೆಲ್ಲಿಗೆ ಹಾಕುತ್ತಿದ್ದ. ಹಿಂದಿಯ ದನಿ ತೆಗೆದುಬಿಟ್ಟು, ಮೈಕು ಹಿಡಿದು ತಾನೇ ಮಾತಾಡುತ್ತಿದ್ದ.

“ನೋಡ್ರಮ್ಮಾ, ಈ ಇಬ್ರೂ ಅಣ್ಣ ತಮ್ಮ. ವಯಸ್ಸಿಗೆ ಬಂದವ್ರೆ ಅಂತ ಹುಟ್ಟಿದ ಮನೆಯಿಂದ ಓಡಿಸ್ಬಿಟ್ಟವ್ರೆ. ಈಗ ಬೇರೆಯೋರ ಏರಿಯಾ ಹಿಡಿಯಕ್ಕೆ ಹೊಂಟವ್ರೆ.”

ಬೀದಿಯ ಒಬ್ಬ ಅಜ್ಜಿ ಕೋಣೆಯ ಕಿಟಕಿಗೇ ಬಂದು ಕೇಳುತ್ತಿದ್ದಳು: “ನಿನ್ನ ಸಿಂಹ ಮುಗೀತೇನಪ್ಪಾ? ಸೀರಿಯಲ್ಲು ಹಾಕು.”

ಅಜ್ಜಿ ಕೇಳಿದ್ದರಲ್ಲೇ ಸಿಂಹಗಳ ವಿಷಯ ಮುಕ್ಕಾಲು ಭಾಗ ಇತ್ತು. ಹಿಂಡು ಗಂಡುಗಳದ್ದಲ್ಲ. ತಾಯಿ, ಮಗಳು, ಚಿಕ್ಕಮ್ಮ, ಇವರದು. ನೆಲವೂ ಅವರದೇ. ಗಂಡುಗಳು ಇಬ್ಬರೋ ಮೂವರೋ ಜೊತೆಗೂಡಿ ಬಂದು, ಹಳೆಯವರನ್ನು ಓಡಿಸಿ, ಕೆಲವು ವರ್ಷ ಮೆರೆದು, ಇನ್ನೂ ದೊಡ್ಡ ಗುಂಪು ಬಂದಾಗ ಬಾಲ ಮುದುರಿಕೊಂಡು ಹೋಗುತ್ತವೆ. ಹೊಸದಾಗಿ ಬಂದವು ಮೊದಲು ಹಳೆಯವರ ಮರಿಗಳನ್ನು ಕೊಲ್ಲುತ್ತವೆ. ಆ ಭಾಗ ಬಂದಾಗ ಅಣ್ಣ ಮೈಕು ಕೆಳಗಿಟ್ಟು ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸುತ್ತಿದ್ದ. ನಾವಿಬ್ಬರೂ ಬೀದಿಯ ಯಜಮಾನರು ನಾವೇ ಎಂದುಕೊಂಡಿದ್ದೆವು. ಬೀದಿಯ ಹೆಂಗಸರಿಗೆ ವೈರು ಯಾರದಾದರೇನು, ಸೀರಿಯಲ್ಲು ಬಂದರೆ ಆಯಿತು.

ಆ ಕಾರ್ಯಕ್ರಮದಲ್ಲಿ ಒಂದು ವಿಷಯ ಅಣ್ಣನ ತಲೆ ಹೊಕ್ಕಿತು. ದೂರದ ಗರ್ಜನೆ ಕೇಳಿದರೆ ಸಿಂಹ ಎಷ್ಟು ದನಿಗಳಿವೆ ಎಂದು ಗಮನಿಸುತ್ತದಂತೆ. ತಮಗಿಂತ ಹೆಚ್ಚು ದನಿಗಳಿದ್ದರೆ ಹಿಂದೆ ಸರಿಯುತ್ತದೆ. ಒಂದೇ ದನಿಯಾದರೆ ಮೇಲೆ ಬರುತ್ತದೆ. ಪಕ್ಕದ ಏರಿಯಾದವರು ವೈರು ಕತ್ತರಿಸುವುದು ನಮ್ಮ ಕಸುಬಿನಲ್ಲಿ ಮಾಮೂಲು. ಕತ್ತರಿಸಿದ ದಿನ ಅಣ್ಣ ಕಂಬ ಹತ್ತುತ್ತಿದ್ದ, ನಾನು ಕೆಳಗೆ ಏಣಿ ಹಿಡಿಯುತ್ತಿದ್ದೆ. ಮೇಲಿನಿಂದ ಅವನು ಆಗಾಗ “ಲೇ, ಇದ್ದೀಯಾ?” ಎನ್ನುತ್ತಿದ್ದ. ನಾನು “ಇದ್ದೀನಣ್ಣೋ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕು. ಆ ಕೂಗು ಅವನಿಗಲ್ಲ, ಹುಣಸೆಮರದಾಚೆಯ ಕಿವಿಗಳಿಗೆ. ಇಬ್ಬರಿದ್ದಾರೆ ಎಂದು ತಿಳಿದರೆ ಯಾರೂ ಮರ ದಾಟುವುದಿಲ್ಲ ಎಂಬುದು ಅವನ ನಂಬಿಕೆ. ದಾಟಲೂ ಇಲ್ಲ.

ಆಮೇಲೆ ಶ್ರೀನಿವಾಸಪುರದ ಕಡೆಯ ಮೂವರು ಬಂದು ಮರದಾಚೆಯ ಏರಿಯಾ ಹಿಡಿದರು. ಮೂವರ ಕೊರಳಲ್ಲೂ ಒಂದೇ ತರಹದ ಸರ, ಒಂದೇ ತರಹದ ಮೀಸೆ, ಮೂವರಿಗೂ ಸೇರಿ ಒಬ್ಬನ ಬುದ್ಧಿ. ಆ ಬುದ್ಧಿ ಇದ್ದವನು ಒಂದು ದಿನ ನನ್ನನ್ನು ಟೀ ಅಂಗಡಿಗೆ ಕರೆದ.

“ಏಂ ತಮ್ಮುಡೂ, ಇನ್ನೂ ಏಣಿ ಹಿಡ್ಕೊಂಡೇ ಇದ್ದೀಯಾ?” ಎಂದ. “ಮೈಕು ಅವನ್ಗೆ, ಏಣಿ ನಿಂಗೆ. ನಮ್ ಜೊತೆ ಬಾ. ಕಂಟ್ರೋಲ್ ರೂಮಿನ ಬೀಗದ ಕೈ ನಿನ್ ಸೊಂಟಕ್ಕೆ.”

ನಾನು ಟೀ ಗ್ಲಾಸನ್ನು ತಿರುಗಿಸುತ್ತ ಕೂತೆ.

“ನೀನೇನೂ ಮಾಡ್ಬೇಕಾಗಿಲ್ಲ ಕಣೋ. ನಾಳೆ ಲೈನ್ ಕಟ್ ಆಗ್ತದೆ, ನಿಮ್ಮಣ್ಣ ಕಂಬ ಹತ್ತಾನೆ. ನೀನು ಬಂದು ಇಲ್ಲಿ ಟೀ ಕುಡಿ. ಅಷ್ಟೆ.”

ಮನೆಗೆ ಬಂದು ನನಗೆ ನಾನೇ ಸಿಂಹದ ಪಾಠ ಹೇಳಿಕೊಂಡೆ. ಗಂಡುಗಳ ಜೋಡಿ ಒಡೆಯುತ್ತದೆ, ಬೇರೆ ಜೋಡಿ ಕೂಡುತ್ತದೆ, ಕಾಡೇ ಹಾಗಿರುವಾಗ ನಾನೇನು ಎಂದು. ಓದು ಹತ್ತದ ತಲೆಗೆ ನೆಪ ಮಾತ್ರ ಚೆನ್ನಾಗಿ ಹತ್ತುತ್ತದೆ. ಅದೇ ಕ್ಯಾಸೆಟ್ಟಿನಲ್ಲಿ ಕಾಲು ಮುರಿದ ಅಣ್ಣನಿಗಾಗಿ ತಮ್ಮ ಸಿಂಹ ನಿಂತು ನಿಂತು ನಡೆಯುವುದೂ ಇತ್ತು. ಅದು ನನಗೆ ಅವತ್ತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಪಕ್ಕಕ್ಕೆ ಸರಿಸಿದೆ.

ಮಾರನೆಯ ಮಧ್ಯಾಹ್ನ ಅಣ್ಣ ಕಂಬ ಹತ್ತಿದ. ಅವನು ಮೇಲೆ ಮುಟ್ಟುತ್ತಲೇ ನಾನು ಏಣಿ ಬಿಟ್ಟು ಟೀ ಅಂಗಡಿಗೆ ನಡೆದೆ. ಅಲ್ಲಿಂದ ಕಂಬ ಕಾಣುತ್ತಿತ್ತು.

“ಲೇ, ಇದ್ದೀಯಾ?” ಕೇಳಿಸಿತು. ನಾನು ಟೀಗೆ ಊದಿದೆ. ಮತ್ತೆ ಕೇಳಿಸಿತು. ಹುಣಸೆಮರದ ಮರೆಯಲ್ಲಿ ನಿಂತಿದ್ದ ಮೂವರೂ ಅದನ್ನು ಕೇಳಿಸಿಕೊಂಡರು, ಒಂದೇ ದನಿ. ಬಂದರು, ಹೊಡೆಯಲಿಲ್ಲ ಬಡಿಯಲಿಲ್ಲ, ಏಣಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಚಪ್ಪರಕ್ಕೆ ಬಿದಿರು ಹೊರುವವರ ಹಾಗೆ ಹೊರಟುಹೋದರು. ಅಣ್ಣ ಬಿಸಿಲಿನಲ್ಲಿ ಕಂಬ ತಬ್ಬಿಕೊಂಡು ಉಳಿದ. ಸೀರಿಯಲ್ಲು ನಿಂತಿದ್ದರಿಂದ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು.

“ಅಲ್ಲಿಂದ್ಲೇ ಮೈಕಲ್ಲಿ ಮಾತಾಡಪ್ಪಾ,” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವನು ಮತ್ತೆ ನನ್ನನ್ನು ಕರೆಯಲಿಲ್ಲ. ಕೊನೆಗೆ ಆವನಿಯ ಕಡೆಯಿಂದ ಹುಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರು ಕಂಬದ ಕೆಳಗೆ ನಿಂತಿತು. ಹುಲ್ಲಿನ ಮೇಲೆ ಹಾರಿ ಇಳಿದ. ಮೈಗೆಲ್ಲ ಹುಲ್ಲು ಅಂಟಿಕೊಂಡು ಬೀದಿಯಲ್ಲಿ ನಡೆದುಹೋದ.

ಸಂಜೆ, “ಎಲ್ಲೋಗಿದ್ದೆ?” ಎಂದ.

“ಕನೆಕ್ಟರ್ ತರಕ್ಕೆ ಕೋಲಾರಕ್ಕೆ.”

“ಹೌದಾ,” ಎಂದ. ಅಷ್ಟೆ. ಮತ್ತೆ ಅವನು ಕಂಬ ಹತ್ತಲಿಲ್ಲ, ಮೈಕು ಮುಟ್ಟಲಿಲ್ಲ. ಮನೆಮನೆಯ ವೈರೂ ಮೂವರ ಪಾಲಾಯಿತು. ಬೀದಿಯ ಅಜ್ಜಿ ಅವರಿಗೂ ಅದೇ ಕಿಟಕಿಗೆ ಬಂದು “ಸೀರಿಯಲ್ಲು ಹಾಕು” ಎಂದಳು. ಅಣ್ಣ ನಂಗಲಿಗೆ ಹೋಗಿ ಹೆದ್ದಾರಿಯ ಪಕ್ಕ ಲಾರಿ ಟಯರುಗಳಿಗೆ ಪಂಚರ್ ಹಾಕುವ ಅಂಗಡಿ ಇಟ್ಟ.

ನನ್ನ ಸೊಂಟಕ್ಕೆ ಬೀಗದ ಕೈ ಬಂತು, ಕೈಯಿಂದ ಏಣಿ ಹೋಗಲಿಲ್ಲ. ಮೂವರಲ್ಲಿ ಯಾರು ಹತ್ತಿದರೂ ಹಿಡಿಯುವವನು ನಾನೇ. ಮೇಲಿನಿಂದ ಯಾರೂ ಇದ್ದೀಯಾ ಎಂದು ಕೇಳುತ್ತಿರಲಿಲ್ಲ. ಸ್ವಲ್ಪ ಕಾಲಕ್ಕೆ ಕೋಲಾರದಿಂದ ಇನ್ನೂ ದೊಡ್ಡ ಕೇಬಲ್ಲಿನವರು ಜೀಪಿನ ತುಂಬ ಬಂದು ಇಳಿದಾಗ ನನ್ನ ಮೂರು ಸಿಂಹಗಳು ಹಿಂದಿನ ಬಾಗಿಲಿನಿಂದ ಓಡಿದವು. ಒಬ್ಬ ಚಪ್ಪಲಿ ಬಿಟ್ಟೇ ಓಡಿದ. ಬೀಗದ ಕೈಯನ್ನು ನಾನು ಜೀಪಿನವರು ಕೇಳುವ ಮೊದಲೇ ಕೊಟ್ಟೆ.

ವರ್ಷಗಳಾದ ಮೇಲೆ ನಡೆದದ್ದನ್ನು ಹೇಳಿಬಿಡಬೇಕೆಂದು ನಂಗಲಿಗೆ ಹೋದೆ. ಅಣ್ಣನ ಮನೆಯ ಮೇಲೆ ಪುಟ್ಟ ಡಿಶ್ಶು ಇತ್ತು. ಅತ್ತಿಗೆ ಟೀ ತಂದು ಕೈಗಿಟ್ಟರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಚಾಪೆಯ ಮೇಲೆ ಕೂತಿದ್ದ ಅವನ ಮಗಳು ಸಿಂಹದ ಚಾನೆಲ್ಲು ಹಾಕಿದಳು. ಕೇಸರ ಕಿತ್ತುಹೋದ ಒಂದು ಮುದಿ ಗಂಡು ದಿಬ್ಬದ ಮೇಲೆ ನಿಂತು ಗರ್ಜಿಸುತ್ತಿತ್ತು, ನಿಲ್ಲಿಸಿ ಕಿವಿಗೊಡುತ್ತಿತ್ತು.

“ನಾಯ್ನಾ, ಇದೊಂದೇ ಯಾಕೆ ಕೂಗ್ತೈತೆ? ಇದ್ರ ತಮ್ಮ ಎಲ್ಲಿ?” ಎಂದು ಅಪ್ಪನನ್ನು ಕೇಳಿದಳು.

ಅಣ್ಣ ನನ್ನ ಕಡೆ ತಿರುಗಲಿಲ್ಲ. ಆ ಹಳೆಯ ಮೈಕಿನ ದನಿಯಲ್ಲೇ ಹೇಳಿದ:

“ಟೀ ಕುಡಿಯಕ್ಕೋಗವ್ನಮ್ಮ.”

ಮಗು ನಕ್ಕಿತು. ಅಣ್ಣ ಟೀವಿಯನ್ನೇ ನೋಡುತ್ತ, “ಕುಡಿಯೋ, ಆರೋಗ್ತದೆ,” ಎಂದ.

ಕುಡಿದೆ.