ಜೀಪಿನ ಕೀ ಕೈಗೆ ಬರುವ ತನಕ

ಬಣಕಲ್ ಹತ್ತಿರ ಕಾಫಿ ಗಿಡ, ಮೆಣಸಿನ ಬಳ್ಳಿಗಳ ನರ್ಸರಿ ನಡೆಸುವ ರೂಪಶ್ರೀಯನ್ನು ಸುತ್ತಲಿನ ಎಸ್ಟೇಟಿನವರೆಲ್ಲ ಬಲ್ಲರು. ಎಂಥ ಕೆಸರಿದ್ದರೂ ಸಸಿ ತುಂಬಿದ ಜೀಪನ್ನು ತಾನೇ ಓಡಿಸಿಕೊಂಡು ಬಂದು ತೋಟದ ಬಾಗಿಲಿಗೆ ಇಳಿಸುವವಳು ಆಕೆ. ಯಾರು ಕಲಿಸಿದ್ದೆಂದು ಕೇಳಿದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದಳು. "ಕಲಿಸಿದ್ದಲ್ಲ, ಗೋಳು ಹೊಯ್ಕೊಂಡಿದ್ದು. ನಮ್ಮಪ್ಪ."

ಅಪ್ಪ ಬೆಳ್ಳಿಯಪ್ಪ ಹಾಗೇ ಇದ್ದವರು. ಮಗಳಿಗೆ ಲೈಸೆನ್ಸ್ ಬಂದರೂ ಜೀಪಿನ ಕೀ ಕೊಡಲಿಲ್ಲ. ಮೊದಲು ಒಬ್ಬಳೇ ಚಕ್ರ ಬಿಚ್ಚಿ ಹಾಕಬೇಕು, ಏರಿನಲ್ಲಿ ಹಿಂದಕ್ಕೆ ಜಾರದಂತೆ ನಿಲ್ಲಿಸಿ ಹೊರಡಿಸಬೇಕು, ಆಮೇಲೆ ಮಾತು. ಅದೆಲ್ಲ ಮುಗಿದು ಕೀ ಸಿಕ್ಕ ಮೇಲೆ, ಡೀಸೆಲ್ ಉಳಿಸುವ ಜಾಣತನದಲ್ಲಿ ಒಮ್ಮೆ ಮನೆಯ ಇಳಿಜಾರಿನುದ್ದಕ್ಕೂ ಗೇರು ತೆಗೆದು, ಬರೀ ಬ್ರೇಕನ್ನೇ ನಂಬಿ ನ್ಯೂಟ್ರಲ್‌ನಲ್ಲಿ ಬಂದಳು. ಎಂಜಿನ್ ಸದ್ದು ಅಡಗಿದ್ದು ಕೇಳಿಯೇ ಅಪ್ಪನಿಗೆ ತಿಳಿದಿತ್ತು. ಅಂಗಳದಲ್ಲಿ ನಿಂತು ಸುಮ್ಮನೆ ಕೈ ಚಾಚಿದರು. ಹೋದ ಕೀ ಆ ಮಳೆಗಾಲ ಮುಗಿಯುವ ತನಕ ತಿರುಗಿ ಬರಲಿಲ್ಲ. ರೂಪಶ್ರೀಯೂ ಅವರ ಮಗಳೇ ತಾನೆ? ಅಷ್ಟೂ ದಿನ ಅಪ್ಪನೊಡನೆ ಮಾತು ಬಿಟ್ಟಳು. "ನಿಮ್ಮ ಯಜಮಾನ್ರಿಗೆ ಊಟಕ್ಕೆ ಏಳಕ್ಕೆ ಹೇಳಮ್ಮ," ಎಂದು ಎದುರಿಗೇ ಕೂತವರಿಗೆ ತಾಯಿಯ ಮೂಲಕ ಕರೆ ಹೋಗುತ್ತಿತ್ತು.

ಈ ವರ್ಷ ರೂಪಶ್ರೀಯ ಮಗಳು ರಕ್ಷಾಳಿಗೆ ಲೈಸೆನ್ಸ್ ಬಂತು. ಅವಳು ಕೀಗೆ ಕೈ ಚಾಚಿದಳು.

"ಮೊದಲು ಚಕ್ರ ಬಿಚ್ಚಿ ಹಾಕು," ಎಂದಳು ರೂಪಶ್ರೀ. ಅಂದ ಮೇಲೆ ತಾನೇ ಬೆಚ್ಚಿದಳು. ಥೇಟ್ ಅಪ್ಪನದೇ ದನಿ.

"ಪಂಕ್ಚರ್ ಆದ್ರೆ ಫೋನ್ ಮಾಡ್ತೀನಮ್ಮ."

"ಮೇಲಿನ ತಿರುವಲ್ಲಿ ಸಿಗ್ನಲ್ ಎಲ್ಲಿ ಸಿಗ್ತದೆ ಮಾರಾಯ್ತಿ?"

ಜಗಲಿಯಿಂದ ಬೆಳ್ಳಿಯಪ್ಪ ಬಾಯಿ ಹಾಕಿದರು. "ಪಾಪ, ಮಗೂಗೆ ಕೊಟ್ಬಿಡೆ. ನಿಧಾನಕ್ಕೆ ಹೋಗ್ತಾಳೆ."

"ಅಪ್ಪಾ, ಈ ಮಾತು ನೀವು ಹೇಳ್ತಿರೋದಾ?"

"ಆಗ ನಾನು ಅಪ್ಪ, ಈಗ ಅಜ್ಜ. ಬೈಯೋ ಕೆಲಸ ಈಗ ನಿನ್ನ ಪಾಲಿಗೆ ಬಂದಿದೆ."

ರಕ್ಷಾ ಮುಖ ಊದಿಸಿಕೊಂಡೇ ಎಲ್ಲ ಕಲಿತಳು. ಕೊನೆಗೊಂದು ಬೆಳಿಗ್ಗೆ ಮೆಣಸಿನ ಸಸಿ ತುಂಬಿಕೊಂಡು ಒಬ್ಬಳೇ ಬಣಕಲ್‌ಗೆ ಹೊರಟಳು. ಜೀಪಿನ ಸದ್ದು ಏರು ದಾಟಿ ಕರಗಿದ್ದೇ ತಡ, ರೂಪಶ್ರೀಗೆ ಕೈ ಓಡದಾಯಿತು. ಮಣ್ಣು ತುಂಬಿದ ಚೀಲಕ್ಕೇ ಮತ್ತೆ ಮಣ್ಣು ಸುರಿದಳು. ಇಷ್ಟು ದಿನ ಮಗಳ ಮುಂದೆ ಸಿಡುಕಾಗಿ ಹೊರಬಿದ್ದದ್ದೆಲ್ಲ ಈ ಹೆದರಿಕೆಯೇ ಅಂತ ಆಗ ಅರಿವಾಯಿತು. ಹೊತ್ತೇರಿದ ಮೇಲೆ ತಡೆಯಲಾರದೆ, ನೆಪಕ್ಕೊಂದು ಹುಲ್ಲುಗತ್ತಿ ಹಿಡಿದು ಮೇಲಿನ ತಿರುವಿಗೆ ನಡೆದಳು.

ಅಲ್ಲಿ ಮೋರಿಕಟ್ಟೆಯ ಮೇಲೆ ಕೊಡೆ ಊರಿಕೊಂಡು ಬೆಳ್ಳಿಯಪ್ಪ ಕೂತಿದ್ದರು.

"ನೀವೇನಪ್ಪಾ ಇಲ್ಲಿ?"

"ಗಾಳಿಗೆ ಬಂದೆ. ನೀನು?"

"ಹುಲ್ಲು ಕೊಯ್ಯಕ್ಕೆ."

"ನಮ್ಮನೇಲಿ ದನ ಎಲ್ಲಿದೆಯೇ?"

ರೂಪಶ್ರೀಗೆ ನಗು ತಡೆಯಲಾಗಲಿಲ್ಲ. ಅಪ್ಪ ಸರಿದು ಜಾಗ ಕೊಟ್ಟರು. "ನೀನು ಮೊದಲ ಸಲ ಒಬ್ಳೇ ಹೋದಾಗಲೂ ಇಲ್ಲೇ ಕೂತಿದ್ದೆ. ನೀನು ಬರೋದು ಕಂಡ ಕೂಡ್ಲೆ ತೋಟದೊಳಗೆ ನುಗ್ಗಿ ಮನೆಗೆ ಓಡಿದ್ದೆ. ಕಾಲೆಲ್ಲ ಜಿಗಣೆ!"

"ಹೆದರಿಕೆ ಆಗ್ತದೆ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ?"

"ನೀನು ನಿನ್ನ ಮಗಳಿಗೆ ಹೇಳಿದ್ಯಾ?"

ರೂಪಶ್ರೀ ಅಪ್ಪನ ಭುಜಕ್ಕೆ ಭುಜ ತಾಗಿಸಿ ಕೂತಳು. "ನಿಮ್ಮನ್ನ ಎಷ್ಟು ಬೈಕೊಂಡಿದ್ದೆ ಗೊತ್ತಾ?"

"ಕೇಳಿಸ್ತಿತ್ತು," ಎಂದರು ಬೆಳ್ಳಿಯಪ್ಪ, ಸಮಾಧಾನವಾಗಿ.

ಅಷ್ಟರಲ್ಲಿ ಮೇಲಿನಿಂದ ಜೀಪು ಗುರ್ರೆನ್ನುತ್ತ ಇಳಿಯುವ ಸದ್ದು ಬಂತು. "ಗೇರಲ್ಲೇ ಬರ್ತಿದಾಳೆ," ಎಂದ ಅಜ್ಜನ ಮುಖ ಅರಳಿತು. ಇಬ್ಬರೂ ಎದ್ದು ತೋಟದೊಳಗೆ ನುಸುಳಲು ನೋಡಿದರು. ಬೆಳ್ಳಿಯಪ್ಪನವರ ಕೊಡೆ ಕಾಫಿ ಗಿಡದ ಕೊಂಬೆಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಜೀಪು ಪಕ್ಕಕ್ಕೇ ಬಂದು ನಿಂತಿತು.

ರಕ್ಷಾ ಅಮ್ಮನನ್ನು ನೋಡಿದಳು, ಅಜ್ಜನನ್ನು ನೋಡಿದಳು. "ಹಿಂದೆ ಹತ್ತಿ ಇಬ್ರೂ. ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು.

ಖಾಲಿ ಟ್ರೇಗಳ ನಡುವೆ ಅಪ್ಪ ಮಗಳು ಎಗರುತ್ತ, ನಗುತ್ತ ಮನೆ ಸೇರಿದರು.