ಉಡದಾರ ಬಿಚ್ಚಿದ ದಿನ

ಸೊಸೆ ಸವಿತಾ ತವರಿನಿಂದ ಕೂಸನ್ನು ಕರೆತಂದ ಮರುದಿನ, ಎಣ್ಣೆ ಹಚ್ಚಿ ಎರೆಯುವಾಗ, ನನ್ನ ಕೈಗೆ ಗೊತ್ತಾಯಿತು. ಎಡಗಡೆ ಬೀಜವಿತ್ತು. ಬಲಗಡೆ ಚೀಲ ಬರಿದು.

ಮತ್ತೆ ಮುಟ್ಟಿದೆ. ಇರಲಿಲ್ಲ.

ಮೊಮ್ಮಗ ಮಾಯಪ್ಪ ಮಾತ್ರ ನನ್ನ ಕಾಲ ಮೇಲೆ ಮಲಗಿ ಕಿಲಕಿಲ ನಗುತ್ತಿದ್ದ. ಅವನು ನಕ್ಕರೆ ಮನೆ ತುಂಬುತ್ತದೆ, ಅತ್ತರೂ ತುಂಬುತ್ತದೆ. ಎಷ್ಟು ವರ್ಷ ಹಾದಿ ಕಾಯಿಸಿ ಬಂದ ಕೂಸು!

ಸವಿತಾಳಿಗೆ ಗೊತ್ತಿತ್ತಂತೆ. ಆರು ತಿಂಗಳು ಕಾದು ನೋಡಿ ಎಂದು ಹೆರಿಗೆಯ ಡಾಕ್ಟರು ಹೇಳಿದ್ದರಂತೆ. ತಿಂಗಳು ಎಂಟಾಗಿತ್ತು.

ನಮ್ಮದು ಕುರಿ ಸಾಕುವ ಮನೆ. ಒಂದೇ ಬೀಜದ ಟಗರುಮರಿಯನ್ನು ಹಿಂಡಿಗೆ ಬಿಡುವುದಿಲ್ಲ, ಸಂತೆಗೆ ಹೊಡೆಯುತ್ತಾರೆ. ನಮ್ಮ ಯಜಮಾನರು ಅದನ್ನೇ ಗೊಣಗಿದರು.

"ಮಾವಾರ, ನನ್ನ ಮಗ ಟಗರಲ್ರಿ," ಎಂದಳು ಸವಿತಾ.

ಅವರೇ ರುಮಾಲು ಸುತ್ತಿ ಮುಂದೆ ಹೊರಟರು. ಕೂಸನ್ನೆತ್ತಿಕೊಂಡು ಮೂವರೂ ಮಿರಜಿನ ಆಸ್ಪತ್ರೆಗೆ ಹೋದೆವು.

"ಬೀಜ ಮ್ಯಾಲೇ ಉಳದೈತಿ, ಇನ್ನ ತಾನಾಗೇ ಇಳಿಯೂದಿಲ್ಲ ಆಯಿ," ಎಂದರು ಡಾಕ್ಟರು. "ತಡಾ ಮಾಡಿದ್ರ ಮುಂದ ಮಕ್ಕಳಾಗೂದಕ್ಕ ತ್ರಾಸ. ಕ್ಯಾನ್ಸರ್ ಗಂಟಿನ ಭಯಾನೂ ಐತಿ."

ಆಪರೇಷನ್ ದಿನ ಓಟಿ ಬಾಗಿಲಲ್ಲಿ ಸಿಸ್ಟರ್ ಕತ್ತರಿ ಹಿಡಿದು ಬಂದರು. ಸೊಂಟದ ಉಡದಾರ ತೆಗೆಯಬೇಕಂತೆ.

ನಮ್ಮಲ್ಲಿ ಗಂಡಸಿನ ಉಡದಾರ ಹರಿಯುವುದು ಹೆಣದ ಮೇಲೆ.

ಹಳೆಯದಾದರೆ ಮೊದಲು ಹೊಸದು ಕಟ್ಟಿ ಆಮೇಲೆ ಅದನ್ನು ತೆಗೆಯುತ್ತೇವೆ. ಬರೀ ಸೊಂಟ ಇರಗೊಡುವುದಿಲ್ಲ. ಅದನ್ನೇ ಹೇಳಿದೆ. ಒಳಗೆ ಯಾವ ದಾರವೂ ನಡೆಯದು ಎಂದರು. ನಾನು ಕೂಸಿನ ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ಅನೆಸ್ತೇಶಿಯಾ ಡಾಕ್ಟರು ಒಳಗಿಂದ ಎರಡು ಸಲ ಕರೆದರು.

"ಅತ್ತಿ, ಕತ್ತರಿ ಬ್ಯಾಡಂದ್ರ ನೀವ ಬಿಚ್ರಿ," ಎಂದಳು ಸವಿತಾ. "ದಾರಾ ಉಳಿಸಿಕೊಂಡು ಕೂಸಿನ ಕಳಕೊಳ್ಳೂದಿಲ್ಲ ನಾ."

ಗಂಟು ಬಿಗಿದಿತ್ತು. ಹಲ್ಲಿನಿಂದ ಬಿಚ್ಚಿದೆ.

ಮಾಯಪ್ಪ ಸಿಸ್ಟರ್ ಹೆಗಲ ಮೇಲಿಂದ ನನ್ನನ್ನೇ ನೋಡುತ್ತ ಒಳಗೆ ಹೋದ. ಬರೀ ಸೊಂಟದಲ್ಲಿ. ಹೊರಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದೇವರ ಹೆಸರು ತೆಗೆಯಲೂ ನನಗೆ ಹೆದರಿಕೆಯಾಗಿತ್ತು, ಮಾಡಬಾರದ್ದನ್ನು ಮಾಡಿ ಯಾವ ಬಾಯಿಂದ ಬೇಡಲಿ ಎಂದು.

ಬೀಜ ತೊಡೆಸಂದಿನಲ್ಲಿ ಸಿಕ್ಕಿತಂತೆ. ಕೆಳಗೆ ಇಳಿಸಿ ಹೊಲಿದಿದ್ದರು.

ಸಂಜೆ ರೌಂಡಿಗೆ ಬಂದ ಡಾಕ್ಟರು, ಕೂಸು ಉಚ್ಚೆ ಹೊಯ್ದಿತೇ ಎಂದು ಕೇಳಿದರು. ನಾನು ತೊಯ್ದ ಸೀರೆಯನ್ನೇ ಹಿಡಿದು ತೋರಿಸಿದೆ. ಎಲ್ಲರೂ ನಕ್ಕರು. ನನಗೆ ಅಳು ಬಂತು.

ಬೀಜ ಚೆನ್ನಾಗಿ ಬೆಳೆಯುತ್ತದೋ ಇಲ್ಲವೋ ಈಗಲೇ ಹೇಳಲಾಗದು, ತೋರಿಸುತ್ತಾ ಇರಬೇಕು, ದೊಡ್ಡವನಾದ ಮೇಲೆ ಅವನಿಗೂ ತಿಳಿಸಬೇಕು ಎಂದಿದ್ದಾರೆ. ತಿಳಿಸೋಣ. ಅವನಿಗೆ ತಿಳಿಸಲು ನಾಚಿಕೆ ಎಂಥದ್ದು? ಅಲ್ಲಿಯವರೆಗೆ ದೇವರು ನನ್ನನ್ನು ಇರಿಸಿದರೆ ನಾನೇ ಹೇಳುತ್ತೇನೆ.